ಸಿದ್ದಾಪುರದ ಬಸ್ಸಿನಲ್ಲೊಬ್ಬ ಕುದುರೆ ಸರದಾರ

ಬಸ್ಸು ಹತ್ತಿದರೆ ಕೆಲವರಿಗೆ ವಾಂತಿ ಬರುತ್ತದೆ, ಕೆಲವರಿಗೆ ನಿದ್ದೆ. ನನಗೆ ಶೌರ್ಯ ಬರುತ್ತದೆ. ಶಿರಸಿಯ ಕಚೇರಿಯೊಂದರಲ್ಲಿ ಹಗಲೆಲ್ಲ ಟಪಾಲು ವಿಂಗಡಿಸಿ, ಸಂಜೆ ಸಿದ್ದಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದೆನೆಂದರೆ ಮುಗಿಯಿತು. ಬಸ್ಸು ಬಿಳಿ ಕುದುರೆಯಾಗುತ್ತದೆ. ಹೊರಗಿನ ಕಾಡು ಮಂಜಿನಲ್ಲಿ ಕರಗಿ, ದೂರದಲ್ಲೊಂದು ಕೋಟೆ ಮೆಲ್ಲಗೆ ಎದ್ದು ನಿಲ್ಲುತ್ತದೆ. ಕಂಡಕ್ಟರ್ ಬಂದು ಭುಜ ತಟ್ಟುವವರೆಗೂ ನಾನು ಈ ಲೋಕದವನಲ್ಲ.

ಇದಕ್ಕೆಲ್ಲ ಕಾರಣ ಗ್ರಂಥಾಲಯದಿಂದ ತಂದ ಒಂದು ದಪ್ಪ ಐತಿಹಾಸಿಕ ಕಾದಂಬರಿ. ಕಬ್ಬಿಣದ ಅಂಗಿ ತೊಟ್ಟ ಸರದಾರರು, ಅವರ ಈಟಿಗೆ ಚೆಲುವೆಯರು ಕಟ್ಟುವ ಕರವಸ್ತ್ರ, ಮಾತಿಗೊಮ್ಮೆ ಮಾನ, ಪ್ರಾಣ. ಅದರಲ್ಲೊಬ್ಬಳು ಬೇರೆ ಮತದ ಹುಡುಗಿ ಇದ್ದಾಳೆ. ಗಾಯಗೊಂಡ ನಾಯಕನಿಗೆ ಮದ್ದು ಅರೆದು ಬದುಕಿಸುವವಳು ಅವಳೇ. ಆದರೂ ಅವಳು ನಮ್ಮವಳಲ್ಲ ಎಂದು ಊರಿಗೆ ಊರೇ ಮುಖ ತಿರುಗಿಸುತ್ತದೆ. ಮದ್ದು ಬೇಕು, ಹುಡುಗಿ ಬೇಡ! ಎಂಥ ಜನ ಇವರು ಎಂದು ನಾನು ಪುಸ್ತಕ ಎದೆಗವಚಿಕೊಂಡು ಅತ್ತೇಬಿಟ್ಟೆ. ಅಡುಗೆಮನೆಯಿಂದ ಹೆಂಡತಿ ಇಣುಕಿ, "ನಿಂಗಕ್ಕೆ ಪುಸ್ತಕದಲ್ಲಿದ್ದ ಹೆಂಗಸ್ರು ಕಂಡ್ರೆ ಕಣ್ಣೀರು ಬತ್ತು, ಮನೇಲಿದ್ದವ್ಳು ಕಂಡ್ರೆ ಬರೀ ಹಶಿವು ಬತ್ತು" ಅಂದಳು. ಸರದಾರ ಕಣ್ಣೊರೆಸಿಕೊಂಡು ಊಟಕ್ಕೆ ಎದ್ದ.

ಕರವಸ್ತ್ರದ ವಿಷಯದಲ್ಲಿ ನಾವೂ ಆ ಕಾಲದವರಿಗಿಂತ ಕಡಿಮೆಯೇನಲ್ಲ. ನಮ್ಮ ಕಡೆ ಬಸ್ಸು ನಿಲ್ದಾಣಕ್ಕೆ ತಿರುಗುತ್ತಿದ್ದಂತೆ ಕಿಟಕಿಯಿಂದ ಸೀಟಿನ ಮೇಲೆ ಕರ್ಚೀಫು ಎಸೆದರೆ ಆ ಸೀಟು ನಿಮ್ಮದು. ನೋಂದಣಿ ಕಚೇರಿಯ ಕಾಗದಕ್ಕೆ ತಕರಾರು ತೆಗೆದಾರು, ಕರ್ಚೀಫಿಗೆ ಯಾರೂ ತೆಗೆಯುವುದಿಲ್ಲ. ಮೊನ್ನೆಯೂ ಹಾಗೇ ಎಸೆದು, ನೂಕುನುಗ್ಗಲಿನಲ್ಲಿ ಒಳಗೆ ತೂರಿಕೊಂಡು ನೋಡುತ್ತೇನೆ, ನನ್ನ ಸೀಟಿನಲ್ಲಿ ವಯಸ್ಸಾದ ಸಾಹೇಬರೊಬ್ಬರು ಕೂತಿದ್ದಾರೆ. ಒಂದು ಕಣ್ಣಿಗೆ ಬಿಳಿ ಪಟ್ಟಿ. ಪಕ್ಕದಲ್ಲಿ ಬುರ್ಖಾ ತೊಟ್ಟ ಮಗಳು ನಿಂತಿದ್ದಾಳೆ.

"ಕರ್ಚೀಫು ಅಬ್ಬಾಗೆ ಕಾಣ್ಲಿಲ್ಲ ಸಾರ್" ಎಂದಳು ಹುಡುಗಿ. "ಕಣ್ಣಿಂದು ಆಪರೇಶನ್ ಆಗಿದೆ. ತಲೆ ಕುಲುಕಬಾರ್ದು ಅಂದಿದಾರೆ ಡಾಕ್ಟ್ರು. ಹಿಂದಿನ ಸೀಟಲ್ಲಿ ತುಂಬಾ ಎತ್ತಾಕ್ತದೆ."

ನಾನು ಬಾಯಿ ತೆರೆಯುವ ಮೊದಲೇ, ಸಾಹೇಬರ ಪಕ್ಕದಲ್ಲಿ ಕೂತಿದ್ದ ಹೇರೂರಿನ ಸುಬ್ಬಣ್ಣ ಬಾವ ತೆರೆದ. ಅವನು ನಮಗೆ ದೂರದ ನೆಂಟ, ಮದುವೆ ಮುಂಜಿಯ ಊಟದ ಪಂಕ್ತಿಯಲ್ಲಿ ಊರವರ ಮಾನ ಅಳೆಯುವವನು. "ಸೀಟು ನಿಂದಲ್ದನೋ ತಮಾ? ಏಳಲೆ ಹೇಳು. ಇವಕ್ಕೆ ಎಲ್ಲಿ ಹೋದ್ರೂ ಜಾಗ ತಮ್ದೇ" ಎಂದ. ಹಿಂದಿನಿಂದ ಮತ್ತಿಬ್ಬರು ಹೌದು ಹೌದು ಎಂದರು.

ನನ್ನ ರಕ್ತ ಕುದಿಯಿತು. ಸತ್ಯವಾಗಿಯೂ ಕುದಿಯಿತು. ಕಹಳೆ ಮೊಳಗಿತು. ಮಂಜಿನೊಳಗಿಂದ ನನ್ನ ಕುದುರೆ ಕೆನೆಯುತ್ತ ಬಂತು. ನಾನು ಈಟಿ ಎತ್ತಿ ಸುಬ್ಬಣ್ಣ ಬಾವನ ಕಬ್ಬಿಣದ ಅಂಗಿಗೆ ಗುರಿಯಿಟ್ಟೆ. "ಎಲವೋ, ಕಣ್ಣಿಲ್ಲದವನು ಅವನಲ್ಲ, ನೀನು!" ಎನ್ನಲೇ? ಅಥವಾ ಅದಕ್ಕೂ ಮೊದಲು ವೃದ್ಧರಿಗೆ ಬಾಗಿ ವಂದಿಸಲೇ? ಬಾವ ಇದನ್ನು ಮುಂದಿನ ಮುಂಜಿಯಲ್ಲಿ ಹೇಗೆ ಹೇಳಿಯಾನು ಎಂಬ ಯೋಚನೆಯೂ ಒಂದು ಕ್ಷಣ ಸುಳಿಯಿತು, ಸುಳ್ಳೇಕೆ. ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದೆ. ಆಮೇಲೆ ತೀರಾ ಮೆತ್ತಗಾಯಿತೆನಿಸಿ ಮತ್ತೆ ಹರಿತ ಮಾಡತೊಡಗಿದೆ.

"ಯಾರ್ದ್ರೀ ಈ ಕರ್ಚೀಫು? ಲಗೂ ಕೂಡ್ರಿ, ದಾರಿ ಬಿಡ್ರಿ" ಎಂದು ಹಾವೇರಿ ಕಡೆಯ ಕಂಡಕ್ಟರ್ ಕೂಗಿದ. ಕಣ್ಣು ಬಿಟ್ಟು ನೋಡಿದರೆ ಸೀಟು ಖಾಲಿ. ಮಗಳು ತಂದೆಯ ಕೈ ಹಿಡಿದು ಆಗಲೇ ಬಸ್ಸಿನ ಕೊನೆಯ ಸಾಲಿಗೆ ಹೋಗಿದ್ದಳು. ಅಲ್ಲಿ ಯಾರೋ ಒತ್ತಿ ಕೂತು ಜಾಗ ಮಾಡಿದ್ದರು. "ನಂದು" ಎಂದೆ. ಬಸ್ಸು ಜಗ್ಗಿತು, ನಾನು ಕೂತೆ. ದಾರಿಯುದ್ದಕ್ಕೂ ಒಂದೊಂದು ಗುಂಡಿ ಬಂದಾಗಲೂ ನಾನು ಹಿಂತಿರುಗಿ ಕೊನೆಯ ಸಾಲಿನತ್ತ ನೋಡುತ್ತಿದ್ದೆ. ಎದ್ದು ಹೋಗಿ ಕರೆದುಕೊಂಡು ಬರಬಹುದಿತ್ತು. ಆದರೆ ಕರೆಯುವುದಕ್ಕೆ ಸರಿಯಾದ ವಾಕ್ಯ ಇನ್ನೂ ಸಿಕ್ಕಿರಲಿಲ್ಲ.

ಸಿದ್ದಾಪುರದಲ್ಲಿ ಇಳಿದು ತಲೆ ತಗ್ಗಿಸಿ ಹೊರಟಿದ್ದೆ. ಹಿಂದಿನಿಂದ ಯಾರೋ ಮೊಣಕೈ ಮುಟ್ಟಿದರು. ಅದೇ ಸಾಹೇಬರು, ಪಟ್ಟಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದರು.

"ಸೀಟು ನಿಮ್ದಾಗಿತ್ತು ಸಾರ್. ಎಲ್ರೂ ಒಂದೊಂದು ಮಾತು ಅಂದ್ರು. ನೀವು ಮಾತ್ರ ಏನೂ ಅನ್ಲಿಲ್ಲ. ದೊಡ್ಡ ಮನಸ್ಸು ನಿಮ್ದು" ಎಂದು ನನ್ನ ಕೈ ಹಿಡಿದುಕೊಂಡರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಆಗ, ದಾರಿಯುದ್ದಕ್ಕೂ ಬಾರದ ಮಾತು ನನಗೆ ಥಟ್ಟನೆ ಬಂತು. ಎದೆಯ ಮೇಲೆ ಕೈಯಿಟ್ಟು, ಸ್ವಲ್ಪ ಬಾಗಿ ಹೇಳಿದೆ:

"ಅಯ್ಯೋ, ಅದರಲ್ಲೇನು ಬಿಡಿ. ಅಷ್ಟೂ ಮಾಡದಿದ್ದರೆ ನಾವು ಮನುಷ್ಯರಾ?"