ಗೋಡೆಯ ಬಳಿ ನಿಂತ ಮನುಷ್ಯ

ಡಚ್ಚರ ನಾಡಿನ ರೈಸ್‌ವೈಕ್‌ನಿಂದ ಟ್ರಾಮ್ ಹಿಡಿದು ಹೋಗಿ ಮ್ಯೂಸಿಯಂನಲ್ಲಿ ಚಿತ್ರ ಕಾಯುವುದು ನನ್ನ ಕೆಲಸ. ಚಿತ್ರ ಸುಮ್ಮನಿರುತ್ತದೆ, ನೋಡಲು ಬಂದವರು ಸುಮ್ಮನಿರುವುದಿಲ್ಲ. ಹಾಗಾಗಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

೧. ಅರ್ಥ

ನನ್ನ ಕೋಣೆಯಲ್ಲಿರುವುದು ರೊಮ್ಯಾಂಟಿಕ್ ಕಾಲದ ಚಿತ್ರ. ಮುಸ್ಸಂಜೆ, ಹಳ್ಳಿಯ ಚರ್ಚು, ಬೋಳು ಮರ, ಸಮಾಧಿಗಳು. ಚರ್ಚಿನ ಗೋಡೆಯ ಬಳಿ ಉಗುರಿನಷ್ಟು ದೊಡ್ಡ ಒಬ್ಬ ಮನುಷ್ಯ. ನೋಡಿದರೆ ಊಟ ಸೇರುವುದಿಲ್ಲ, ಅಂಥ ಚಿತ್ರ. ಗೈಡ್ ದಿನಾ ಹೇಳುತ್ತಾಳೆ: "ಮರ ಅಂದರೆ ಸಾವು. ಕಿಟಕಿಯ ದೀಪ ಅಂದರೆ ಭರವಸೆ. ಈ ಮನುಷ್ಯ ನಮ್ಮ ಆತ್ಮ. ಅದು ದೇವರ ಕಡೆ ಹೋಗುತ್ತಿದೆಯೋ, ದೇವರನ್ನು ಬಿಟ್ಟು ಬರುತ್ತಿದೆಯೋ ಹೇಳುವುದು ಕಷ್ಟ. ಪ್ರಶ್ನೆಗಳಿವೆಯೇ?"

ಪ್ರಶ್ನೆ ಯಾವಾಗಲೂ ಒಂದೇ: "ಟಾಯ್ಲೆಟ್ ಎಲ್ಲಿ?"

೨. ವಾಸ್ತು

ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ಒಬ್ಬರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಸೂರ್ಯ ಈ ಕಡೆ ಮುಳುಗ್ತಿದ್ದಾನೆ ಅಂದ್ಮೇಲೆ ಬಾಗಿಲು ದಕ್ಷಿಣಕ್ಕೇ ಬಂತು" ಅಂದರು.

"ಅಮ್ಮಾ, ಇದೆಲ್ಲಾ ಸಿಂಬಾಲಿಸಂ" ಅಂದಳು ಮಗಳು.

"ಏನಾದ್ರೂ ಇರ್ಲಿ. ಅದಕ್ಕೇ ಒಳಗೆ ಒಬ್ರೂ ಇಲ್ಲ, ಎಲ್ಲಾ ಹೊರಗೆ ಮಲಗಿದ್ದಾರೆ."

೩. ಗುರುವಾರದ ತಾತ

ಒಬ್ಬ ಡಚ್ ತಾತ ಪ್ರತಿ ಗುರುವಾರ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮೊದಲು ಹೆಂಡತಿಯೂ ಬರುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

"ಅವನು ಚರ್ಚಿಗೆ ಹೋಗ್ತಿದ್ದಾನೆ ಅಂತ ಅವಳು, ಹೊರಗೆ ಬರ್ತಿದ್ದಾನೆ ಅಂತ ನಾನು. ಆಸ್ಪತ್ರೆಯಲ್ಲೂ ಅದೇ ಜಗಳ. ನೀನೇ ಸರಿ ಅಂದುಬಿಟ್ಟಿದ್ದರೆ ನನ್ನ ಗಂಟೇನು ಹೋಗ್ತಿತ್ತು?"

ಅವರು ಎದ್ದು ಚಿತ್ರದ ಹತ್ತಿರ ಬಗ್ಗಿದರು. ತೀರಾ ಹತ್ತಿರ ಹೋದರೆ ಅಲಾರಾಂ ಕಿರುಚುತ್ತದೆ. ಕಿರುಚಿತು.

"ನಾನು ಮಾತಾಡೋಕೆ ಹೋದ್ರೆ ಅವಳೂ ಹೀಗೇ" ಅಂದು ತಾತ ಹಿಂದೆ ಸರಿದರು.

೪. ತೀರ್ಪು

ಚಿತ್ರವನ್ನು ಸೋಮವಾರ ಗೋದಾಮಿಗೆ ಸಾಗಿಸುವವರಿದ್ದರು. ತಾತನಿಗೆ ಅದೇ ಕೊನೆಯ ಗುರುವಾರ. "ನೀವು ದಿನಾ ನೋಡ್ತೀರಿ. ಯಾರು ಸರಿ, ಹೇಳಿ" ಅಂದರು.

ನನಗೆ ಮೊದಲ ದಿನವೇ ಗೊತ್ತಾಗಿತ್ತು. ಕೆಲಸ ಉಳಿಯಲಿ ಅಂತ ಬಾಯಿ ಬಿಟ್ಟಿರಲಿಲ್ಲ. ನಾನು ಬೆಳೆದದ್ದು ಬೆಂಗಳೂರಿನ ಶಿವಾಜಿನಗರದಲ್ಲಿ. ನಮ್ಮ ಕಾಂಪೌಂಡ್ ಗೋಡೆಗೆ ನನ್ನ ಅಬ್ಬಾ ಗಣೇಶ, ಮೇರಿಯಮ್ಮ, ಮಕ್ಕಾ ಮೂರೂ ಟೈಲ್ಸ್ ಸಾಲಾಗಿ ಅಂಟಿಸಿದ್ದರು. ಭಕ್ತಿಗಲ್ಲ, ದಾರಿಹೋಕರು ಗೋಡೆ ಒದ್ದೆ ಮಾಡದಿರಲಿ ಅಂತ. ಆ ಬಗ್ಗಿದ ಕತ್ತು, ಅಗಲಿಸಿದ ಕಾಲು ನನಗೆ ಹೊಸದಲ್ಲ.

ಹೆಂಡತಿಯೇ ಸರಿ ಅಂದುಬಿಡಬಹುದಿತ್ತು. ಆ ಮುಖ ನೋಡಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಸರ್, ಅವನು ಹೋಗ್ತಾನೂ ಇಲ್ಲ, ಬರ್ತಾನೂ ಇಲ್ಲ. ಗೋಡೆಗೆ ಒಂದ ಮಾಡ್ತಿದ್ದಾನೆ."

ತಾತ ಬಗ್ಗಿ ನೋಡಿದರು. ಅಲಾರಾಂ ಕಿರುಚಿತು. ಅವರು ಸರಿಯಲಿಲ್ಲ, ನಾನೂ ತಡೆಯಲಿಲ್ಲ. ನಗಲು ಶುರು ಮಾಡಿದವರು ಅಳುವುದರಲ್ಲಿ ಮುಗಿಸಿದರು.

"ಇಬ್ಬರೂ ಸೋತೆವು" ಅಂದು ಕಣ್ಣೊರೆಸಿಕೊಂಡು ಕೋಟು ಹಾಕಿಕೊಂಡರು. "ಸಮಾಧಿ ಹತ್ರ ಹೋಗಿ ಅವಳಿಗೆ ಹೇಳಿ ಬರ್ತೀನಿ."

ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಅಲ್ಲೂ ಒಂದು ಗೋಡೆ ಇದೆ. ಯಾತಕ್ಕೂ ಇರ್ಲಿ, ಇಲ್ಲಿ ಟಾಯ್ಲೆಟ್ ಎಲ್ಲಿ?"