ಕೆಳಗೆ ಕಮೆಂಟ್ ಮಾಡಿ ಅಂದರು, ದೊಡ್ಡವ್ವ ಮಾಡಿದಳು

ಜಗತ್ತಿನ ದೊಡ್ಡ ದೊಡ್ಡ ಫೋನ್ ಕಂಪನಿಗಳು ಸುರಪುರದ ನಮ್ಮ ದೊಡ್ಡವ್ವನನ್ನು ಒಂದು ಮಾತು ಕೇಳದೆ ಯಾವ ಮಾಲನ್ನೂ ಪೇಟೆಗೆ ಬಿಡುವುದಿಲ್ಲ! ನಗಬೇಡಿ. ಇದು ನನ್ನ ಮಾತಲ್ಲ, ದೊಡ್ಡವ್ವನದೇ. ಅವಳ ಬಳಿ ಸಾಕ್ಷಿಯೂ ಇದೆ. ಮೊಬೈಲಿನಲ್ಲಿ ಟೆಕ್ನಾಲಜಿ ಸುದ್ದಿ ಹೇಳುವ ಹುಡುಗರು ಪ್ರತಿ ವಿಡಿಯೋದ ಕೊನೆಗೆ ಕೈಮುಗಿದು ಕೇಳುತ್ತಾರಲ್ಲ, ‘ಈ ಫೋನಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು, ಕೆಳಗೆ ಕಮೆಂಟ್ ಮಾಡಿ ತಿಳಿಸಿ’ ಎಂದು? ನಾವು ನೀವು ಅಷ್ಟು ಹೊತ್ತಿಗೆ ಮುಂದಿನ ವಿಡಿಯೋಗೆ ಹಾರಿರುತ್ತೇವೆ. ದೊಡ್ಡವ್ವ ಹಾರುವುದಿಲ್ಲ. ಕನ್ನಡಕ ಒರೆಸಿಕೊಂಡು, ಕಾಲು ಮಡಚಿ, ಬರೆಯಲು ಕೂಡುತ್ತಾಳೆ.

“ಅಷ್ಟು ಚಂದ ಕೇಳ್ಯಾನ ಹುಡುಗ. ಕೇಳಿದವರಿಗೆ ಏನೂ ಹೇಳದಂಗ ಎದ್ದು ಹೋಗೋದು ಮನುಷ್ಯಾರ ಲಕ್ಷಣ ಏನೋ?”

ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ. ಸುರಪುರದ ಒಂದು ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾಳೆ. ದೊಡ್ಡಪ್ಪ ಇದ್ದಾಗಲೂ ಗಿರಣಿ ಅವಳದೇ, ಈಗಲೂ ಅವಳದೇ. ಜೋಳ, ಗೋಧಿ, ಕಡಲೆ, ಖಾರ ಎಲ್ಲ ಬೀಸಿ ಬೀಸಿ, ಆ ಗಡಗಡ ಸದ್ದಿಗೆ ಎರಡೂ ಕಿವಿ ಒಪ್ಪಿಸಿಬಿಟ್ಟಿದ್ದಾಳೆ. ಮಗಳು ತಂದುಕೊಟ್ಟ ಕಿವಿಯ ಮಷೀನು ಹಾಕಿಕೊಂಡರೆ ಗಿರಣಿ ತಲೆಯೊಳಗೇ ತಿರುಗಿದಂತಾಗುತ್ತದಂತೆ. ಅದಕ್ಕೇ ಅದು ಗೋಡೆಯ ಗೂಡಿನಲ್ಲಿ ಹಿಟ್ಟು ಮೆತ್ತಿಕೊಂಡು ಕೂತಿದೆ. ಹಾಗಾಗಿ ಅವಳ ಜೊತೆ ಮಾತಾಡುವುದೆಂದರೆ ಒದರುವುದು. ನಾನು ಅಂಗಳದಲ್ಲಿ ನಿಂತು “ದೊಡ್ಡವ್ವಾ, ಊಟಾ ಆತೇನೂ?” ಎಂದರೆ ನಾಲ್ಕು ಮನೆ ಆಚೆಯವರು “ಆತ್ರೀ!” ಅನ್ನುತ್ತಾರೆ. ವಿಡಿಯೋದ ಕಥೆ ಬೇರೆ. ಅಲ್ಲಿ ಪರದೆಯ ಕೆಳಗೆ ಅಕ್ಷರಗಳು ಮೂಡುತ್ತವೆ. ಏಳನೇ ಇಯತ್ತೆ ಓದಿದವಳು, ಒಂದಕ್ಷರ ಬಿಡದೆ ಓದುತ್ತಾಳೆ.

ಈ ದೊಡ್ಡವ್ವನ ಕಮೆಂಟುಗಳನ್ನು ಬಂದ್ ಮಾಡಿಸುವ ಕೆಲಸ ಹೋದ ತಿಂಗಳು ನನ್ನ ಕೊರಳಿಗೆ ಬಿತ್ತು! ಶಹಾಪುರದ ಆಫೀಸೊಂದರಲ್ಲಿ ಕ್ಲರ್ಕ್ ಆಗಿರುವ ಅವಳ ಮಗಳು, ಅಂದರೆ ನನ್ನ ತಂಗಿ, ಫೋನ್ ಮಾಡಿ ಅತ್ತಂತೆ ಬೈದಳೋ ಬೈದಂತೆ ಅತ್ತಳೋ ಗೊತ್ತಿಲ್ಲ.

“ಅಣ್ಣಾ, ನೀನ ಬಂದು ಅಕಿ ಫೋನ್ದಾಗಿಂದ ಅದನ್ನ ತೆಗೆದು ಹೋಗು. ನಾ ಆಫೀಸಿನ್ಯಾಗ ತಲಿ ಎತ್ತಂಗಿಲ್ಲ ಈಗ.”

“ಅಂಥಾದ್ದೇನ ಬರದಾಳವಾ?”

“ನೀನ ಓದಿ ನೋಡು!”

ಭಾನುವಾರ ಯಾದಗಿರಿಯಲ್ಲಿ ಬಸ್ ಹತ್ತಿದೆ. ಶಹಾಪುರದಲ್ಲಿ ತಂಗಿ ಹತ್ತಿಕೊಳ್ಳುವುದು, ಇಬ್ಬರೂ ಸುರಪುರಕ್ಕೆ ಹೋಗಿ ದೊಡ್ಡವ್ವನ ಫೋನು ಶುದ್ಧಿ ಮಾಡುವುದು, ಇದು ಏರ್ಪಾಡು. ದಾರಿಯಲ್ಲಿ ಓದಿದರಾಯಿತೆಂದು ಕಿಟಕಿ ಪಕ್ಕ ಕೂತು, ತಂಗಿ ಕಳಿಸಿದ್ದ ವಿಡಿಯೋಗಳ ಕೆಳಗಿನ ದೊಡ್ಡವ್ವನ ಕಮೆಂಟುಗಳನ್ನು ಒಂದೊಂದಾಗಿ ತೆಗೆದೆ. ನಿಜ ಹೇಳಬೇಕೆಂದರೆ, ಆರೋಪಪಟ್ಟಿ ಓದುವ ಗಾಂಭೀರ್ಯ ಭೀಮಾ ಸೇತುವೆ ದಾಟುವವರೆಗೂ ಉಳಿಯಲಿಲ್ಲ.

ಮೊದಲನೆಯದು ಮಡಚುವ ಫೋನಿನ ಸುದ್ದಿ. ಮಧ್ಯಕ್ಕೆ ಮಡಚಿ ಜೇಬಿಗೆ ಹಾಕಿಕೊಳ್ಳುವಂಥದ್ದು. ಕೆಳಗೆ ದೊಡ್ಡವ್ವ: “ನಮಸ್ಕಾರ ತಮ್ಮಾ. ನಾವು ಎಲ್ಲಾರೂ ಕ್ಷೇಮ ಇದ್ದೀವಿ. ಫೋನು ಚಂದ ಅದ. ಖರೇ, ಇದು ಮಡಚಿದ ಗೆರಿಗೇ ಹರೀತದ ನೋಡ್ರಿ. ಪೆಟಿಗ್ಯಾಗ ಇಟ್ಟ ರೇಷ್ಮಿ ಸೀರಿ ಸುದಾ ಗೆರಿಗೇ ಹರೀತದ. ತಿಂಗಳಿಗೊಮ್ಮಿ ಮಡಿಕಿ ಬದಲ ಮಾಡ್ರಿ.” ಅದರ ಕೆಳಗೆ ಯಾರೋ, ‘ಫೋನಿನ ಮಡಿಕೆ ಹೇಗೆ ಬದಲು ಮಾಡೋದು ಅಜ್ಜಿ?’ ಎಂದು ಕೇಳಿದ್ದಾನೆ. ದೊಡ್ಡವ್ವನ ಉತ್ತರ: “ಅದನ್ನ ಕಂಪನಿಯವರು ವಿಚಾರ ಮಾಡಬೇಕು. ಎಲ್ಲಾ ನಾನ ಹೇಳಬೇಕೇನು?”

ಇನ್ನೊಂದು ವಿಡಿಯೋ ನೋಡಿದರೆ ದೊಡ್ಡವ್ವನ ಹೆಸರು ಮೂವತ್ತು ಸಲ ಇದೆ! ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಅವಳ ಗಿರಣಿಯಲ್ಲಿ ಮನುಷ್ಯರು ಸಾಲು ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಡಬ್ಬಿ ಇಟ್ಟು ಹೋದರೆ ಪಾಳಿ ಹಿಡಿದಂತೆ. ಯಾರ ಪಾಳಿಯನ್ನೂ ಯಾರೂ ತಪ್ಪಿಸುವಂತಿಲ್ಲ, ದೊಡ್ಡ ಸಾಹೇಬರ ಮನೆಯ ಡಬ್ಬಿ ಬಂದರೂ ಹಿಂದೆಯೇ. ಕಮೆಂಟುಗಳೂ ಹಾಗೇ ಅಂತ ಅವಳ ತಿಳಿವಳಿಕೆ! ತನಗಿಂತ ಮೊದಲು ಬಂದವರನ್ನು ಹಾಗೇ ಬಿಟ್ಟು ತನ್ನದು ಬರೆದುಕೊಳ್ಳುವುದು ಯಾವ ನ್ಯಾಯ? ಮೇಲಿಂದ ಒಬ್ಬೊಬ್ಬರಿಗೂ ಒಂದೊಂದು ಉತ್ತರ ಕೊಟ್ಟು, ಕಡೆಗೆ ತನ್ನ ಪಾಳಿ ಬಂದಾಗ ತನ್ನ ಮಾತು. ಬರೀ ಬೆಂಕಿಯ ಚಿತ್ರ ಹಾಕಿದವನಿಗೆ “ಎಲ್ಲಿ? ಯಾರ ಮನಿ?” ಎಂದು ಗಾಬರಿಯಿಂದ ಕೇಳಿದ್ದಾಳೆ. ಎಲ್ಲರಿಗಿಂತ ಮೇಲೆ ಒಬ್ಬ ಶೂರ ‘ಫಸ್ಟ್’ ಎಂದಷ್ಟೇ ಬರೆದಿದ್ದಾನೆ. ಇಂಥವರು ಪ್ರತಿ ವಿಡಿಯೋದಲ್ಲೂ ಇರುತ್ತಾರೆ. ಅವರಿಗೆ ಹೇಳುವುದು ಏನೂ ಇರುವುದಿಲ್ಲ, ಮೊದಲು ಬಂದದ್ದೇ ಸಾಧನೆ. ನಮ್ಮಂಥವರಿಗೆ ಸಿಟ್ಟು ಬರುತ್ತದೆ. ದೊಡ್ಡವ್ವನಿಗೆ ಮಾತ್ರ ಅವನ ಕಷ್ಟ ಅರ್ಥವಾಗಿದೆ: “ಪಾಳಿ ಹಿಡದಿ, ಶಾಣ್ಯಾ ಇದ್ದಿ. ಡಬ್ಬಿ ಖಾಲಿ ಅದಲ್ಲೋ ತಮ್ಮಾ, ಜ್ವಾಳ ಎಲ್ಲಿ?”

ನಾನು ಗಟ್ಟಿಯಾಗಿ ನಕ್ಕೆ. ಪಕ್ಕದಲ್ಲಿ ಕೂತಿದ್ದ ರೈತ “ಏನ್ರಿ ಮಾಸ್ತರ್ರ, ನಮಗೂ ಹೇಳ್ರಿ” ಎಂದ. ಓದಿ ಹೇಳಿದೆ. ಅವನು ನಗಲಿಲ್ಲ. “ಬರಾಬರಿ ಹೇಳ್ಯಾಳಲ್ರಿ ಅಕಿ” ಎಂದ!

ಅವನಿಗೆ ಮುಂದಿನದನ್ನು ಓದಿ ಹೇಳುವ ಧೈರ್ಯ ನನಗಾಗಲಿಲ್ಲ. ಅದು ಎಐ ಸುದ್ದಿ. ಏನು ಕೇಳಿದರೂ ಉತ್ತರ ಹೇಳುವ ಯಂತ್ರ ಬಂದಿದೆ, ಇನ್ನು ಎಲ್ಲರ ಕೆಲಸ ಹೋಗುತ್ತದೆ ಎಂದು ನಿರೂಪಕ ಹೆದರಿಸಿದ್ದಾನೆ. ದೊಡ್ಡವ್ವ ಹೆದರಿಲ್ಲ. “ಈ ಯಂತ್ರಕ್ಕ ‘ನನಗ ಗೊತ್ತಿಲ್ಲ’ ಅನ್ನಾಕ ಬರ್ತದೇನ್ರಿ? ಬರಂಗಿಲ್ಲಂದ್ರ ಅಂಥಾದು ನಮ್ಮ ಮನ್ಯಾಗ ಮದಲ ಒಂದು ಅದ. ಯಾದಗಿರ್ಯಾಗ ಸೈನ್ಸ್ ಮಾಸ್ತರಕಿ ಮಾಡ್ತದ. ಅದನ್ನ ನೋಡಿ ಯಾರ ಕೆಲಸಾನೂ ಹೋಗಿಲ್ಲ, ಅಂಜಬ್ಯಾಡ್ರಿ.” ಎಲಾ ಇವಳ! ಅದಕ್ಕೆ ಬಿದ್ದ ಲೈಕುಗಳನ್ನು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಸಾಲಾಗಿ ಬಂದು ಒತ್ತಿಹೋದಂತಿತ್ತು.

ಬೈಗುಳವೂ ಬಂದಿದೆ. ಇಂಟರ್‌ನೆಟ್ಟಿನಲ್ಲಿ ಬೈಸಿಕೊಳ್ಳದೆ ಉಳಿದವರು ಯಾರು? ಒಬ್ಬ ಬರೆದಿದ್ದ: ‘ಮುದುಕಿ, ನಿನಗ್ಯಾಕ ಇದೆಲ್ಲಾ? ಸುಮ್ಮನ ಮೂಲ್ಯಾಗ ಕುಂಡ್ರು.’ ನನಗೆ ರಕ್ತ ಕುದಿಯಿತು. ದೊಡ್ಡವ್ವ ಶಾಂತವಾಗಿ ಬರೆದಿದ್ದಾಳೆ: “ಮೂಲ್ಯಾಗ ಕುಂತೇ ಬರ್ಯಾಕತ್ತೀನಪಾ. ಇಲ್ಲೇ ನೆಟ್‌ವರ್ಕ್ ಛಲೋ ಬರ್ತದ.”

ಶಹಾಪುರ ಬಂತು. ತಂಗಿ ಹತ್ತಿದಳು. ನಾನು ನಗುವನ್ನು ಕರವಸ್ತ್ರದಲ್ಲಿ ಮುಚ್ಚಿಟ್ಟೆ. ಅವಳು ಕೂತ ಕೂಡಲೇ ತನ್ನ ಫೋನು ಮುಂದೆ ಹಿಡಿದಳು. ಒಳಗಿನ ಪದಾರ್ಥ ಕೆಟ್ಟರೆ ತಾನೇ ಎಚ್ಚರಿಸುವ ಹೊಸ ಫ್ರಿಜ್ಜಿನ ವಿಡಿಯೋ. ಕೆಳಗೆ ಅವಳ ಹಡೆದವ್ವ ಬರೆದದ್ದು: “ನನ್ನ ಮಗಳು ಶಹಾಪುರದಾಗ ಆಫೀಸಿನ್ಯಾಗ ಇದ್ದಾಳ. ಭಾಳ ಶಾಣ್ಯಾಕಿ. ಖರೇ ಅಕಿ ಫ್ರಿಜ್ ತೆಗದ್ರ ಮೂರು ದಿನದ ಸಾರು ಇರ್ತದ. ಈ ಫ್ರಿಜ್ಜು ಸುಮ್ಮನ ಹೇಳ್ತದೋ, ಬೈದು ಹೇಳ್ತದೋ? ಬೈದು ಹೇಳೂದಿದ್ರ ಒಂದು ಬೇಕಾಗ್ಯದ.”

ಆಫೀಸಿನ ಯಾರೋ ಪುಣ್ಯಾತ್ಮ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದನಂತೆ. ಅಂದಿನಿಂದ ಮಧ್ಯಾಹ್ನ ಇವಳು ಡಬ್ಬಿ ಬಿಚ್ಚಿದರೆ ಸಾಕು, “ಮೇಡಂ, ಸಾರು ಯಾವ ವಾರದ್ದು?” ಎಂದು ಕೇಳುತ್ತಾರಂತೆ.

“ಖರೇನ ಮೂರು ದಿನದ್ದು ಇರ್ತದೇನವಾ?” ಎಂದೆ, ನನ್ನ ಹಾಳು ಕುತೂಹಲಕ್ಕೆ. ಸುರಪುರ ಬರುವವರೆಗೂ ಅವಳು ನನ್ನ ಕೂಡ ಮಾತಾಡಲಿಲ್ಲ. ಮುಖ ಕಿಟಕಿಯ ಆಚೆಗಿತ್ತು. ಇಷ್ಟು ಸಣ್ಣ ಮಾತಿಗೆ ಇಷ್ಟು ಸೊರಗಿದ್ದಾಳಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಗಿರಣಿ ನಡೆದಿತ್ತು. ಹೊರಗೆ ಕಟ್ಟೆಯ ಮೇಲೆ ಹತ್ತು ಹನ್ನೆರಡು ಡಬ್ಬಿ, ಅವುಗಳ ಪಕ್ಕ ನಾಲ್ಕಾರು ಹೆಣ್ಣುಮಕ್ಕಳು. ಒಳಗೆ ದೊಡ್ಡವ್ವ ಹುಬ್ಬಿನ ತನಕ ಬೆಳ್ಳಗಾಗಿ, ಒಂದು ಕೈಯಲ್ಲಿ ಹಿಟ್ಟಿನ ಬಟ್ಟೆಚೀಲ ಬಡಿಯುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಓದುತ್ತಿದ್ದಳು. ನಮ್ಮನ್ನು ನೋಡಿ ಮುಖ ಅರಳಿತು. ತಂಗಿ ಕುಶಲ ಕೇಳಲಿಲ್ಲ.

“ಅವ್ವಾ! ಫ್ರಿಜ್ಜಿನ ಸುದ್ದಿ ಯಾಕ ಬರ್ದೀ?”

“ಆಂ?”

“ಫ್ರಿಜ್ಜೂ! ಮೂರು ದಿನದ ಸಾರೂ!”

ಕಟ್ಟೆಯ ಮೇಲಿನ ಹೆಣ್ಣುಮಕ್ಕಳು ಒಮ್ಮೆಗೇ ಇತ್ತ ತಿರುಗಿದರು. “ಏನಂತವಾ ಅದು, ಮೂರು ದಿನದ್ದು?” ಎಂದು ಒಬ್ಬಳು ಕೇಳಿದಳು. ಅಲ್ಲಿಗೆ, ಆಫೀಸಿಗೆ ಮಾತ್ರ ಗೊತ್ತಿದ್ದದ್ದು ಓಣಿಗೂ ಗೊತ್ತಾಯಿತು. ಯಾವ ಕಮೆಂಟಿನ ಹಂಗೂ ಇಲ್ಲದೆ ತಂಗಿ ತಾನೇ ಒದರಿ ತಿಳಿಸಿದ್ದಳು!

ದೊಡ್ಡವ್ವ ಮೋಟಾರು ಬಂದ್ ಮಾಡಿದಳು. ಬೀಸುಗಲ್ಲು ನಿಧಾನವಾಗಿ ನಿಂತಿತು. ನಾನು ಹತ್ತಿರ ಹೋಗಿ, ಬಂದ ಕಾರಣವನ್ನು ಅರ್ಧ ಕೈಸನ್ನೆಯಲ್ಲಿ, ಅರ್ಧ ಗಂಟಲು ಹರಿದುಕೊಂಡು ಹೇಳಿದೆ. ಜಗಳಾಡುತ್ತಾಳೆಂದು ಅಂದುಕೊಂಡಿದ್ದೆ. ಸೆರಗಿನಲ್ಲಿ ಫೋನು ಒರೆಸಿ ನನ್ನ ಕೈಗಿಟ್ಟಳು.

“ತೆಗಿಯೂದಿದ್ರ ತೆಗೀರಪಾ. ನನ್ನಿಂದ ನಿಮಗ ನಾಚಿಕಿ ಆಗೂದು ಬ್ಯಾಡ.”

ಆಮೇಲೆ ಮಗಳ ಕಡೆ ತಿರುಗಿದಳು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಾಗುವುದಿಲ್ಲ. ಇಡೀ ಓಣಿಗೆ ಕೇಳುವಂತೆಯೇ ಹೇಳಿದಳು.

“ಮದಲ ಈ ಗಿರಣ್ಯಾಗ ಹೆಣ್ಮಕ್ಕಳು ಬಂದು ನನ್ನ ಕಿವ್ಯಾಗ ಏನೇನ ಹೇಳ್ತಿದ್ರು ಗೊತ್ತದೇನು? ಅತ್ತಿ ಕಾಟ, ಗಂಡನ ಸಿಟ್ಟು, ಮಗಳು ದೊಡ್ಡಾಕಿ ಆಗಿದ್ದು, ಎಲ್ಲಾ. ನೀನೂ ಹೇಳ್ತಿದ್ದಿ. ಕಿವಿ ಹೋತು. ಗುಟ್ಟು ಒದರಿ ಹೇಳಾಕ ಬರ್ತದೇನು? ಎಂಟು ವರ್ಷಾತು, ನನಗ ಯಾರೂ ಒಂದು ಗುಟ್ಟು ಹೇಳಿಲ್ಲ. ಉಂಡೀ? ಗುಳಗಿ ತಗೊಂಡೀ? ಬಾಗಲಾ ಹಾಕು. ಇಷ್ಟ ನನ್ನ ಕೂಡ ನಿಮ್ಮ ಮಾತು. ಆ ಹುಡುಗರು ಖೊಟ್ಟಿ ಕೇಳ್ತಾರೋ ಖರೇ ಕೇಳ್ತಾರೋ, ನಿಮಗ ಏನ ಅನಸ್ತದ ಅಂತ ಕೇಳ್ತಾರ. ಅದಕ್ಕ ಹೇಳ್ತೀನಿ.”

ಕಟ್ಟೆಯ ಮೇಲಿನವರು ತಮ್ಮ ತಮ್ಮ ಡಬ್ಬಿಗಳ ಕಡೆ ಕಣ್ಣು ತಿರುಗಿಸಿದರು.

“ನೀ ಬಂದಾಗೊಮ್ಮಿ ನಿನ್ನ ಮಾರಿ ನೋಡ್ತೀನಿ. ಏನೋ ಅದ ಅಂತ ಗೊತ್ತಾಗ್ತದ. ಈಗ ಆರು ತಿಂಗಳಾತು. ಏನಂತ ಹ್ಯಾಂಗ ಕೇಳ್ಲಿ? ಕೇಳಿದ್ರ ನೀ ಹ್ಯಾಂಗ ಹೇಳ್ತಿ?”

ನನಗೆ ಮೈಯೆಲ್ಲ ನಾಚಿಕೆಯಾಯಿತು. ಆರು ತಿಂಗಳಿಂದ ಏನೋ ಇದೆಯೆಂದು ಕಿವಿ ಕೇಳದ ದೊಡ್ಡವ್ವನಿಗೆ ಕಂಡಿದೆ. ಎರಡೂ ಕಿವಿ ನೆಟ್ಟಗಿರುವ ನಾನು ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಸಾರಿನ ಬಗ್ಗೆ ಕೇಳಿದ್ದೆ!

ತಂಗಿ ಬಾಯಿ ತೆರೆದಳು. ಕಟ್ಟೆಯ ಕಡೆ ಒಮ್ಮೆ ನೋಡಿ ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಗೋಡೆಗೊರಗಿ ಜೋಳದ ಚೀಲದ ಮೇಲೆ ಕುಸಿದು ಕೂತು, ತನ್ನ ಫೋನು ತೆಗೆದು ಏನೋ ಬರೆಯತೊಡಗಿದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಬಹಳ ಹೊತ್ತು ಬರೆದಳು.

ನನ್ನ ಕೈಯಲ್ಲಿದ್ದ ದೊಡ್ಡವ್ವನ ಫೋನು ನಡುಗಿತು. ಪರದೆಯ ಮೇಲೆ ಬೆಳಕು ಬಂತು.

ಓದುಗರೇ, ನನ್ನ ಸ್ವಭಾವ ನಿಮಗೀಗ ಗೊತ್ತಾಗಿದೆ. ಪಕ್ಕದವನ ಪೇಪರು ಬಗ್ಗಿ ಓದುವ ಜಾತಿ ನಾನು. ಓದಲು ಕಣ್ಣು ಕೆಳಗಿಳಿಸಿದ್ದರೆ ಸಾಕಿತ್ತು, ಇಳಿಸಲಿಲ್ಲ. ಫೋನನ್ನು ಬೋರಲು ಹಿಡಿದು, ಹಾಗೇ ದೊಡ್ಡವ್ವನ ಕೈಗೆ ಕೊಟ್ಟೆ.

ದೊಡ್ಡವ್ವ ಓದಿದಳು. ಇನ್ನೊಮ್ಮೆ ಓದಿದಳು. ಬಾಗಿಲಿಗೆ ಬಂದು ಕಟ್ಟೆಯವರಿಗೆ “ಗಿರಣಿ ಬಂದ್ ಅದ ಇವತ್ತು. ಡಬ್ಬಿ ಇಲ್ಲೇ ಇರ್ಲಿ, ನಾಳಿ ಬರ್ರಿ” ಎಂದಳು. ಒಳಗೆ ಹೋಗಿ, ಅದೇ ಚೀಲದ ಮೇಲೆ ಮಗಳ ತೊಡೆಗೆ ತೊಡೆ ತಾಗಿಸಿ ಕೂತು, ಹಿಟ್ಟಿನ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತತೊಡಗಿದಳು. ಮಗಳ ಫೋನು ನಡುಗಿತು. ಅವಳು ಓದಿ, ಅವ್ವನ ಭುಜಕ್ಕೆ ತಲೆಯಿಟ್ಟು, ಉತ್ತರ ಬರೆದಳು.

ನಾನು ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಕಟ್ಟೆಯ ಮೇಲೆ ಕೂತೆ. ತಲೆಯ ಮೇಲೆ ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ಇನ್ನೂ ನಿಂತೇ ಇದ್ದಳು.

“ಯಾಕ್ರಿ ಮಾಸ್ತರ್ರ, ಒಳಗ ಸಪ್ಪಳಾನ ಇಲ್ಲಲ್ಲ, ಏನ ನಡದದ?”

“ಅವ್ವ ಮಗಳು ಮಾತಾಡಾಕತ್ತಾರವಾ” ಎಂದೆ.