ಹೆಸರು ಕರೆಯದೆ ಇಟ್ಟ ರೊಟ್ಟಿ

ದಯೆ ಎಂಬುದು ಹುಟ್ಟಿನಿಂದಲೇ ಬರುತ್ತದೆ ಎನ್ನುತ್ತಾರೆ. ನನಗೆ ಬಂದಿರಲಿಲ್ಲ. ಅದಕ್ಕೇ ಕಲಿಯಲು ಹೊರಟೆ. ಒಬ್ಬನೇ ಕಲಿಯಲು ಬೇಸರವೆಂದು ಕುಕನೂರಿನ ಬಟ್ಟೆ ಅಂಗಡಿಯ ವಿರುಪಾಕ್ಷಪ್ಪನನ್ನೂ, ಅವನ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಇಮಾಮಸಾಬನನ್ನೂ ಜೊತೆಗೆ ಎಳೆದುಕೊಂಡೆ. ಸಂಜೆ ಸಾಲೆ ಬಿಟ್ಟ ಮೇಲೆ ನಾನು ವಚನ ಓದುವುದು, ಅವರು ಕೇಳುವುದು, ಆಮೇಲೆ ಮೂವರೂ ಪರರ ಕಷ್ಟ ನೆನೆದು ನಿಟ್ಟುಸಿರು ಬಿಡುವುದು. ನಿಜಾಮರ ಕಾಲ, ಮೂರು ಮಂದಿ ಕೂತರೂ ಊರ ಪೊಲೀಸ್ ಗೌಡರ ಕಣ್ಣು ಬೀಳುತ್ತಿತ್ತು. ಒಮ್ಮೆ ಬಂದು ನಿಂತೇಬಿಟ್ಟರು. "ಏನ್ರಿ ಮಾಸ್ತರ, ಯಾವ ಜಮಾವ್ ಇದು?" ದಯೆ ಕಲಿಯುತ್ತಿದ್ದೇವೆ ಎಂದೆ. "ಛಲೋ ಆತು. ಕಲಿತಾದ ಮ್ಯಾಲ ನಮ್ಮ ಮನಿಯಾಕಿಗೂ ಒಂದೀಟು ಕಲಿಸ್ರಿ," ಎಂದು ಹೋದರು.

ಆ ಬೇಸಿಗೆ ಓಣಿಯ ಕೊನೆಯ ಮನೆಯ ನೀಲವ್ವನ ಗಂಡ ತೀರಿಕೊಂಡಿದ್ದ. ಮಕ್ಕಳಿಲ್ಲ. ಒಲೆ ಹಚ್ಚುವುದನ್ನೇ ಬಿಟ್ಟಿದ್ದಾಳೆಂದು ಸುದ್ದಿ. ಕೊಟ್ಟರೆ ಕೈ ಚಾಚುವ ಹೆಂಗಸೂ ಅಲ್ಲ. "ಓದಿದ್ದು ಸಾಕ್ರಿ. ಆಕಿ ಬಾಗಲಾಗ ಸುಮ್ಮನ ರೊಟ್ಟಿ ಇಟ್ಟು ಬರೂಣು. ಯಾರು ಇಟ್ರು ಅಂತ ತಿಳೀಬಾರ್ದು," ಎಂದ ಇಮಾಮಸಾಬ. ದೀಪ ಹಚ್ಚುವ ಹೊತ್ತಿಗೆ ಮುತ್ತುಗದ ಎಲೆಯಲ್ಲಿ ರೊಟ್ಟಿ, ಚಟ್ನಿ ಇಟ್ಟು, ಕೂಗದೆ, ಕೆಮ್ಮದೆ ತಿರುಗಿ ಬರುವುದೆಂದು ಸರದಿ ಹಚ್ಚಿಕೊಂಡೆವು. ಬೆಳಿಗ್ಗೆ ಎಲೆ ಇರುತ್ತಿರಲಿಲ್ಲ. ನಮ್ಮ ಹಿಗ್ಗು ಹೇಳತೀರದು.

ಆದರೆ ಬಾವಿಯ ಹತ್ತಿರ ಕಂಡ ನೀಲವ್ವ ಎಲುಬಿನ ಗೂಡಾಗಿದ್ದಳು. ನನ್ನ ಸರದಿಯ ದಿನ ಎಲೆ ಇಟ್ಟವನು ಮನಸ್ಸು ತಡೆಯದೆ ಬಾಗಿಲು ನೂಕಿದೆ. ಮಬ್ಬುಗತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಯಾಕ ನೀಲವ್ವಾ, ಉಣ್ಣಾಕತ್ತಿಲ್ಲೇನು?"

"ನಂದೇನು ತಗೀರಿ ಮಾಸ್ತರ. ನಮ್ಮವರು ಉಂಡು ಹೋಗ್ತಾರ, ಅಷ್ಟ ಸಾಕು. ಯಾರೋ ಪುಣ್ಯಾತ್ಮರು ದಿನಾ ಎಡಿ ಇಡತಾರ."

ನಮ್ಮ ಕಡೆ ಬದುಕಿದವರಿಗಾದರೆ ಹೆಸರು ಹಿಡಿದು ಕರೆದು ಊಟ ಕೊಡುತ್ತಾರೆ. ಕರೆಯದೆ, ಮಾತಾಡದೆ ಇಟ್ಟು ಬರುವುದು ಸತ್ತವರ ಎಡೆ. ಅಷ್ಟೆಲ್ಲ ಓದಿದ ಮೂವರಿಗೆ ಇದು ಹೊಳೆದಿರಲಿಲ್ಲ, ಜೀವ ಇದ್ದ ಹೆಂಗಸು ಒಳಗೆ ಹಸಿದು ಕೂತಿದ್ದಳು.

"ಎಡಿ ಅಲ್ಲ ನೀಲವ್ವಾ, ನಿಮಗಂತ ನಾವ ಇಟ್ಟದ್ದು."

"ಇಟ್ಟವರು ನೀವ ಇರ್ರಿ. ಉಂಡವರು ಯಾರು?"

"ನಾಯಿ ಇರಬೇಕು."

"ನಾಯಿ ಅರ್ಧಾ ರೊಟ್ಟಿ ಮಡಿಚಿಟ್ಟು ಹೋಗತಾವೇನ್ರಿ? ಇದ್ದಾಗ ಅವರು ನನಗಂತ ಹಂಗ ಬಿಡತಿದ್ರು. ನಸುಕಿನ್ಯಾಗ ಎಲಿ ಎತ್ತಿ ಒಳಗ ತಂದಿಡತೀನಿ." ಮೂಲೆಗೆ ಕೈ ತೋರಿಸಿದಳು. ಬುಟ್ಟಿಯ ತುಂಬ ಒಣಗಿದ ಅರ್ಧ ರೊಟ್ಟಿಗಳು, ಎಲ್ಲವೂ ಒಂದೇ ತೆರನಾಗಿ ಮಡಿಚಿದವು. "ಸತ್ತವರು ಬಿಟ್ಟದ್ದು ಉಂಡ್ರ ಅವರ ಹಿಂದ ಹೋಗಬೇಕಾಗತೈತಂತ. ನಾ ಇನ್ನ ತಯಾರಾಗಿಲ್ರಿ."

ಅಷ್ಟರಲ್ಲಿ ಹೊಸ್ತಿಲಾಚೆ ನಾನಿಟ್ಟ ಎಲೆ ಸರಕ್ಕೆಂದಿತು. ಗಾಳಿ ಇರಲಿಲ್ಲ. ಬಗ್ಗಿ ನೋಡಿದೆ, ನಾಯಿಯೂ ಇರಲಿಲ್ಲ. ಇಷ್ಟು ದಿನ ಪರರ ಕಷ್ಟಕ್ಕೆ ಕರಗುತ್ತಿದ್ದ ನನ್ನ ಎದೆ ಆಗ ಸ್ವಂತ ಕಷ್ಟಕ್ಕೇ ಪೂರ್ತಿ ಕರಗಿಹೋಯಿತು. ಹೊಸ್ತಿಲು ದಾಟಲಾರದೆ ಅಲ್ಲೇ ಕೂತೆ. ನೀಲವ್ವನಿಗೆ ಕನಿಕರ ಬಂದಿರಬೇಕು. ಕಂದೀಲು ಹಚ್ಚಿ, ನನ್ನ ಮುಂಗೈ ಹಿಡಿದು, ಆ ಎಲೆಯನ್ನು ದಾಟಿಸಿ, ಓಣಿಯುದ್ದಕ್ಕೂ ನಡೆಸಿಕೊಂಡು ನನ್ನ ಮನೆ ಮುಟ್ಟಿಸಿದಳು.

ನಮ್ಮಾಕೆ ದಯೆಯ ಪಾಠ ಕೇಳಿದವಳಲ್ಲ. ಬಾಗಿಲಲ್ಲಿ ನೋಡಿದವಳೇ, "ನೀಲಕ್ಕಾ, ಬರ್ರಿ ಒಳಗ. ಬಿಸಿ ರೊಟ್ಟಿ ಬಡಿಯಾಕತ್ತೀನಿ," ಎಂದಳು. ನೀಲವ್ವ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಬಂದು ಕೂತಳು. ಉಂಡಳು.

ಆಕೆ ಹೊರಟು ನಿಂತಾಗ, "ಕತ್ತಲಾಗೈತಿ, ಬಿಟ್ಟು ಬರ್ರಿ," ಎಂದು ನಮ್ಮಾಕೆ ನನಗೆ ಹೇಳಿದಳು. ನಾನು ಗಂಡಸುತನದಿಂದ ಎದ್ದು ರುಮಾಲು ಸುತ್ತಿಕೊಳ್ಳತೊಡಗಿದೆ. ಗಂಡ ಸತ್ತ ಮೇಲೆ ಮೊದಲ ಸಲ ನೀಲವ್ವ ನಕ್ಕಳು.

"ಬ್ಯಾಡ ತಂಗಿ. ಆಮ್ಯಾಲ ಇವರನ್ನ ಬಿಡಾಕ ಮತ್ತ ನಾನ ಬರಬೇಕಾಗತೈತಿ."